ಅಕ್ಕನ ಪಿ.ಎಫ್. ದುಡ್ಡು ಯಾವ ರಸ್ತೇಲಿ ಐತೆ?

ತಿಂಗಳಿಗೊಮ್ಮೆ ನಾನು ಊರಿಗೆ ಹೋದ್ರೆ ಆ ಶನಿವಾರ ನಮ್ಮ ಮನೆ ಜಗಲಿ ಒಂದು ಸಣ್ಣ ಪಿ.ಎಫ್. ಆಫೀಸು. ಎಂಜಿನಿಯರಿಂಗ್ ಓದಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ ಅಂದ್ಮೇಲೆ ಇಷ್ಟೂ ಗೊತ್ತಿರಲ್ವಾ ಅನ್ನೋದು ಊರಿನ ಲೆಕ್ಕ. ಒಬ್ಬರ ಹೆಸರು ಆಧಾರ್‌ನಲ್ಲಿ ಒಂಥರ, ಪಿ.ಎಫ್.ನಲ್ಲಿ ಇನ್ನೊಂಥರ. ಇನ್ನೊಬ್ಬರ ಓ.ಟಿ.ಪಿ. ಯಾವತ್ತೋ ಬಿಸಾಕಿದ ಸಿಮ್ಮಿಗೆ ಹೋಗುತ್ತೆ. ಮತ್ತೊಬ್ಬರಿಗೆ ಮೂರು ಫ್ಯಾಕ್ಟರಿಯ ಮೂರು ಖಾತೆ, ಒಂದಕ್ಕೂ ಪಾಸ್‌ವರ್ಡ್ ಇಲ್ಲ.

ಮದಲೂರು ಅಂದ ಕೂಡಲೇ ಹೊರಗಿನವರಿಗೆ ನೆನಪಾಗೋದು ಕೆರೆ. 2020ರ ಶಿರಾ ಉಪಚುನಾವಣೆಯಲ್ಲಿ ನಮ್ಮ ಕೆರೆಗೆ ಹೇಮಾವತಿ ನೀರು ತುಂಬಿಸೋ ಮಾತು ಆಡದ ನಾಯಕರೇ ಇರಲಿಲ್ಲ. ಆದ್ರೆ ಮಳೆ ನಂಬಿ ಕಡಲೆಕಾಯಿ ಬಿತ್ತೋ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಮನೆ ನಡೆಸಿದ್ದು ಗಾರ್ಮೆಂಟ್ಸಿಗೆ ಹೋದ ಹೆಣ್ಣುಮಕ್ಕಳು. ನಮ್ಮ ಅಕ್ಕ ಅವರಲ್ಲಿ ಒಬ್ಬಳು. ಎಸ್.ಎಸ್.ಎಲ್.ಸಿ. ಮುಗಿಸಿ ಪೀಣ್ಯದಲ್ಲಿ ಮಿಷನ್ ಮುಂದೆ ಕೂತವಳು ಇವತ್ತಿಗೂ ಅಲ್ಲೇ ಇದ್ದಾಳೆ.

ಕಳೆದ ಸಲ ಇಬ್ಬರೂ ಒಟ್ಟಿಗೆ ಊರಿಗೆ ಬಂದಿದ್ವಿ. ಮಗಳ ಪಿ.ಯು.ಸಿ. ಸೀಟಿಗೆ ಪಿ.ಎಫ್. ಅಡ್ವಾನ್ಸ್ ತೆಗೀಬೇಕು ಅಂತ ಪಾಸ್‌ಬುಕ್ ತೆರೆಸಿದಳು. ಅವಳ ಬೇಸಿಕ್ಕು 13 ಸಾವಿರ. ಅದರಲ್ಲಿ ಶೇ 12, ಅಂದ್ರೆ 1,560 ರೂಪಾಯಿ ಅವಳದ್ದು. ಕಂಪನಿ ಹಾಕೋದೂ ಅಷ್ಟೇ, ಆದ್ರೆ ಅದರಲ್ಲಿ 1,083 ಪಿಂಚಣಿ ಖಾತೆಗೆ ಹೋಗಿ 477 ಮಾತ್ರ ಪಿ.ಎಫ್.ಗೆ ಸೇರುತ್ತೆ. ಅವಳು ಪರದೆ ನೋಡ್ತಾ ನೋಡ್ತಾ ಕೇಳಿದಳು: "ಏನ್ಲಾ, ಇಷ್ಟು ಜನದ ದುಡ್ಡು ಆ ಆಫೀಸ್ನೋರು ಬೀರೂನಲ್ಲಿ ಇಕ್ಕೊಂಡಿರ್ತಾರಾ? ಬಡ್ಡಿ ಎಲ್ಲಿಂದ ತಂದು ಕೊಡ್ತಾರೆ?"

ನನಗೂ ಗೊತ್ತಿರಲಿಲ್ಲ. ನನ್ನ ಸಂಬಳದಲ್ಲೂ ಎಂಟು ವರ್ಷದಿಂದ ಪಿ.ಎಫ್. ಹಿಡೀತಿದ್ದಾರೆ, ಒಂದು ದಿನವೂ ನಾನು ಕೇಳಿದ್ದಿಲ್ಲ. ಆಮೇಲೆ ಓದಿ ತಿಳಿದಿದ್ದನ್ನ ಅವಳಿಗೆ ಹೇಳಿದ ಹಾಗೇ ಇಲ್ಲಿ ಹೇಳ್ತೀನಿ.

ಬಹುಪಾಲು ದುಡ್ಡು ಸರ್ಕಾರಕ್ಕೇ ಸಾಲವಾಗಿ ಹೋಗುತ್ತೆ. ಕೇಂದ್ರ, ರಾಜ್ಯ ಸರ್ಕಾರಗಳ ಸಾಲಪತ್ರ, ಸರ್ಕಾರಿ ಕಂಪನಿಗಳ ಬಾಂಡು, ಹೀಗೆ. ಷೇರು ಪೇಟೆಗೆ ಇ.ಪಿ.ಎಫ್.ಓ. ಕಾಲಿಟ್ಟಿದ್ದು 2015ರ ಆಗಸ್ಟಲ್ಲಿ. ಮೊದಲು ಹೊಸದಾಗಿ ಬರೋ ದುಡ್ಡಿನಲ್ಲಿ ಶೇ 5, ಮಾರನೇ ವರ್ಷ 10, 2017ರಿಂದ 15. ಕಾರ್ಮಿಕ ಸಂಘಟನೆಗಳು ಬೇಡ ಅಂದ್ರೂ ನಿಲ್ಲಲಿಲ್ಲ. ಅಕ್ಕನ ಲೆಕ್ಕದಲ್ಲಿ ಹೇಳೋದಾದ್ರೆ, ಪಿ.ಎಫ್.ಗೆ ಸೇರೋ 2,037 ರೂಪಾಯಲ್ಲಿ ತಿಂಗಳಿಗೆ ಸುಮಾರು 300 ರೂಪಾಯಿ ಷೇರಿಗೆ. ನೇರವಾಗಿ ಒಂದೊಂದು ಕಂಪನಿಯ ಷೇರು ಕೊಳ್ಳಲ್ಲ. ಹತ್ತಾರು ಕಂಪನಿಯ ಷೇರನ್ನ ಒಂದೇ ಮೂಟೆ ಕಟ್ಟಿ ಮಾರೋ ಇ.ಟಿ.ಎಫ್. ಅನ್ನೋ ಫಂಡುಗಳ ಮೂಲಕ ಕೊಳ್ಳುತ್ತೆ.

ಈ ಮೂಟೆಗಳಲ್ಲಿ ಹೆಚ್ಚಿನವು ನಿಫ್ಟಿ, ಸೆನ್ಸೆಕ್ಸ್‌ನವು. ಅದರ ಬಗ್ಗೆ ನನಗೆ ತಕರಾರಿಲ್ಲ. ಇನ್ನೆರಡು ಮೂಟೆ ಬೇರೆ ಥರದವು: 2014ರ ಮಾರ್ಚಲ್ಲಿ ಬಂದ ಸಿ.ಪಿ.ಎಸ್.ಇ. ಇ.ಟಿ.ಎಫ್., 2017ರ ನವೆಂಬರಲ್ಲಿ ಬಂದ ಭಾರತ್-22. ಇವೆರಡನ್ನ ಸರ್ಕಾರ ಹುಟ್ಟಿಸಿದ್ದೇ ತನ್ನ ಕಂಪನಿಗಳ ಷೇರು ಮಾರೋಕೆ. ಬಂಡವಾಳ ಹಿಂತೆಗೆತ ಅಂತ ಬಜೆಟ್ ಭಾಷಣದಲ್ಲಿ ಕೇಳ್ತೀವಲ್ಲ, ಅದರ ಒಂದು ಸಾಧನ. ಭಾರತ್-22ರ ಮೊದಲ ಕಂತಿನಲ್ಲೇ ಸರ್ಕಾರಕ್ಕೆ ಸುಮಾರು 14,500 ಕೋಟಿ ಬಂತು. ಇ.ಪಿ.ಎಫ್.ಓ. ಈ ಎರಡರಲ್ಲೂ ನಮ್ಮ ದುಡ್ಡು ಹಾಕಿದೆ.

ಮೂಟೆ ಬಿಚ್ಚಿದ್ರೆ ಒಳಗೆ ಇರೋದೆಲ್ಲ ಪರಿಚಯದ ಹೆಸರೇ. ಎರಡರಲ್ಲೂ ಬಿ.ಇ.ಎಲ್. ಇದೆ. 1954ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಕಾರ್ಖಾನೆ, ಅಕ್ಕ ಬಾಡಿಗೆಗಿರೋ ಮನೆಯಿಂದ ಬಹಳ ದೂರವೇನಲ್ಲ. ಅಲ್ಲಿ ಸರ್ಕಾರದ ಪಾಲು ಕಂತು ಕಂತಾಗಿ ಇಳಿದು ಈಗ ಶೇ 51 ಚಿಲ್ಲರೆಗೆ ಬಂದು ನಿಂತಿದೆ. ಭಾರತ್-22ರಲ್ಲಿ ಪವರ್ ಗ್ರಿಡ್ ಇದೆ. ಪಾವಗಡದ ತಿರುಮಣಿ ಸೋಲಾರ್ ಪಾರ್ಕಿನ ಕರೆಂಟನ್ನ ಆಚೆಗೆ ಸಾಗಿಸೋ ಲೈನುಗಳು ಅದರವು. ಎನ್.ಟಿ.ಪಿ.ಸಿ. ಇದೆ, ಸ್ಟೇಟ್ ಬ್ಯಾಂಕ್ ಇದೆ.

"ಅಂದ್ರೆ ಸರ್ಕಾರ ಮಾರ್ತು, ನಾನು ತಗೊಂಡೆ ಅನ್ನು" ಅಂದಳು ಅಕ್ಕ.

"ಹೂಂ. ನಿನ್ನ ಕೇಳದೇನೇ."

ಇದರಲ್ಲಿ ಮೋಸ ಇದೆ ಅಂತ ನಾನು ಹೇಳ್ತಿಲ್ಲ. ಬಿ.ಇ.ಎಲ್. ಷೇರು ಈ ವರ್ಷಗಳಲ್ಲಿ ಚೆನ್ನಾಗಿಯೇ ಏರಿದೆ. ಪೂರ್ತಿ ಯಾರೋ ಒಬ್ಬ ಸಾಹುಕಾರನ ಕೈಗೆ ಹೋಗೋದಕ್ಕಿಂತ ಕಾರ್ಮಿಕರ ನಿಧಿಯಲ್ಲಿ ಇರೋದು ವಾಸಿ ಅಂತಲೂ ವಾದಿಸಬಹುದು. ನನ್ನ ತಕರಾರು ಬೇರೆ. ಷೇರಿನ ಜೊತೆ ವೋಟಿನ ಹಕ್ಕೂ ಬರುತ್ತೆ. ಇ.ಟಿ.ಎಫ್. ಮೂಲಕ ಕೊಂಡಾಗ ಆ ವೋಟು ಫಂಡ್ ನಡೆಸೋ ಕಂಪನಿಯದ್ದು. ಮಾರೋ ತೀರ್ಮಾನ ಸರ್ಕಾರದ್ದು. ಇ.ಪಿ.ಎಫ್.ಓ.ನ ಮೇಲಿರೋ ಕೇಂದ್ರ ಟ್ರಸ್ಟಿಗಳ ಮಂಡಳಿಗೆ ಅಧ್ಯಕ್ಷರು ಕಾರ್ಮಿಕ ಸಚಿವರು, ಅಂದ್ರೆ ಅಲ್ಲೂ ಸರ್ಕಾರ. ಮಾರೋರು, ಕೊಳ್ಳೋರು ಇಬ್ಬರೂ ಒಂದೇ ಮನೆಯವರಾದ್ರೆ, ಯಾವತ್ತಾದ್ರೂ ಪೇಟೆಯಲ್ಲಿ ಗಿರಾಕಿ ಇಲ್ಲದ ಸರಕನ್ನ ಅಕ್ಕನ ಗಂಟಿಗೆ ಕಟ್ಟಲ್ಲ ಅಂತ ತಡೆಯೋರು ಯಾರು? ಮಂಡಳಿಯಲ್ಲಿ ಕಾರ್ಮಿಕರ ಕಡೆಯಿಂದ 10 ಜನ ಇದ್ದಾರೆ. ಕೇಂದ್ರ ಸಂಘಟನೆಗಳ ಜೊತೆ ಮಾತಾಡಿ ಅವರನ್ನ ನೇಮಿಸೋದೂ ಸರ್ಕಾರವೇ. ಅಕ್ಕನ ಫ್ಯಾಕ್ಟರಿಯಲ್ಲಿ ಸಂಘಟನೆಯೇ ಇಲ್ಲ.

ಈಗ ರಸ್ತೆಗೆ ಬರ್ತೀನಿ. ನಮ್ಮ ಸೀಮೆಗೆ ಇದು ಜಾಸ್ತಿ ಹತ್ತಿರದ ವಿಷಯ.

ಭಾವ ಲಾರಿ ಡ್ರೈವರ್. ನಮ್ಮ ಕಡೆಯಿಂದ ತೆಂಗಿನಕಾಯಿ ತುಂಬ್ಕೊಂಡು ಪುಣೆಗೆ ಹೋಗ್ತಾರೆ, ಎಲ್ಲಾ 48ನೇ ನಂಬರ್ ಹೆದ್ದಾರಿಯಲ್ಲೇ. ಹಳಬರಿಗೆ ಅದು ಇವತ್ತಿಗೂ ಎನ್.ಎಚ್. ನಾಲ್ಕು. ತುಮಕೂರಿಂದ ಶಿರಾ, ಹಿರಿಯೂರು ದಾಟಿ ಚಿತ್ರದುರ್ಗದವರೆಗಿನ 114 ಕಿಲೋಮೀಟರ್ ರಸ್ತೆಯನ್ನ ನಾಲ್ಕು ಲೇನ್ ಮಾಡಿದ್ದು ಸುವರ್ಣ ಚತುಷ್ಪಥ ಯೋಜನೆಯಲ್ಲಿ, ಹೆದ್ದಾರಿ ಪ್ರಾಧಿಕಾರ. ಆ ಯೋಜನೆಗೆ ಪೆಟ್ರೋಲು ಡೀಸೆಲಿನ ಮೇಲೆ ಸೆಸ್ ಹಾಕಿ ನಮ್ಮಿಂದಲೇ ದುಡ್ಡು ಎತ್ತಿದ್ರು. ಆಮೇಲೆ ಅದನ್ನ ಆರು ಲೇನ್ ಮಾಡೋಕೆ ಐ.ಆರ್.ಬಿ. ಕಂಪನಿಗೆ 2011ರ ಜೂನಿಂದ 26 ವರ್ಷಕ್ಕೆ ಕೊಟ್ರು. ಕಂಪನಿ ಟೋಲ್ ವಸೂಲಿ ಮಾಡ್ಕೋಬೇಕು, ಪ್ರಾಧಿಕಾರಕ್ಕೆ ಮೊದಲ ವರ್ಷ 140 ಕೋಟಿ ಚಿಲ್ಲರೆ ಕೊಟ್ಟು, ಪ್ರತಿ ವರ್ಷ ಶೇ 5 ಏರಿಸ್ತಾ ಹೋಗಬೇಕು. ಶಿರಾಕ್ಕಿಂತ ಮುಂಚೆ ಸಿಗೋ ಕರ್ಜೀವನಹಳ್ಳಿ, ಹಿರಿಯೂರು ದಾಟಿದ ಮೇಲೆ ಸಿಗೋ ಗುಯಿಲಾಳು, ಇವೇ ಆ ಎರಡು ಟೋಲು.

2017ರ ಮೇ ತಿಂಗಳಲ್ಲಿ ಕಂಪನಿ ಈ ರಸ್ತೆಯನ್ನೂ ಇನ್ನೈದು ರಸ್ತೆಯನ್ನೂ ಸೇರಿಸಿ ಒಂದು ಟ್ರಸ್ಟಿಗೆ ವರ್ಗ ಮಾಡಿ, ಆ ಟ್ರಸ್ಟಿನ ಯೂನಿಟ್ಟನ್ನ 102 ರೂಪಾಯಿಯ ಹಾಗೆ ಪೇಟೆಯಲ್ಲಿ ಮಾರಿತು. ಇನ್ವಿಟ್ ಅಂತಾರೆ ಇದಕ್ಕೆ. ದೇಶದಲ್ಲಿ ಷೇರುಪೇಟೆಗೆ ಬಂದ ಮೊದಲ ಇನ್ವಿಟ್ ಅದೇ. ಬಾಡಿಗೆ ಬರೋ ಮನೆಗೆ ನೂರು ಜನ ಪಾಲುದಾರರಾಗಿ ತಿಂಗಳ ಬಾಡಿಗೆ ಹಂಚಿಕೊಂಡ ಹಾಗೆ, ಟೋಲಿನ ಹುಟ್ಟುವಳಿಯನ್ನ ಯೂನಿಟ್ ಇದ್ದವರು ಹಂಚಿಕೊಳ್ತಾರೆ. ನಮ್ಮೂರ ಹತ್ತಿರದ ರಸ್ತೆ ಷೇರುಪೇಟೆಯಲ್ಲಿ ಮಾರಾಟಕ್ಕಿದೆ ಅನ್ನೋದು ನನಗೆ ಗೊತ್ತಾಗಿದ್ದು ಇದೀಗ, ಅದೂ ಪಿ.ಎಫ್. ಹುಡುಕೋಕೆ ಹೋಗಿ!

ಖಾಸಗಿ ಕಂಪನಿ ಮಾಡಿದ್ದನ್ನ ನಾಲ್ಕು ವರ್ಷ ಬಿಟ್ಟು ಹೆದ್ದಾರಿ ಪ್ರಾಧಿಕಾರವೂ ಮಾಡಿತು. 2021ರ ಆಗಸ್ಟಲ್ಲಿ ಕೇಂದ್ರ ಸರ್ಕಾರ, ಇರೋ ಆಸ್ತಿಗಳನ್ನ ವರ್ಷಗಟ್ಟಲೆ ಬಳಕೆಗೆ ಕೊಟ್ಟು ನಾಲ್ಕು ವರ್ಷದಲ್ಲಿ 6 ಲಕ್ಷ ಕೋಟಿ ಎತ್ತೋ ಯೋಜನೆ ಪ್ರಕಟಿಸಿತು. ಅದೇ ನವೆಂಬರಲ್ಲಿ ಪ್ರಾಧಿಕಾರದ ಸ್ವಂತ ಇನ್ವಿಟ್ ಬಂತು. ಮೊದಲ ಕಂತಿನಲ್ಲಿ ಐದು ರಸ್ತೆ, ಅದರಲ್ಲಿ ಒಂದು ನಮ್ಮದೇ 48ರ ಬೆಳಗಾವಿ–ಕಾಗಲ್ ಭಾಗ. ಭಾವ ಹತ್ತರಗಿಯಲ್ಲಿ, ಕೊಗನೊಳ್ಳಿಯಲ್ಲಿ ಕಟ್ಟೋ ಟೋಲು ಆ ಟ್ರಸ್ಟಿಗೆ ಹೋಗುತ್ತೆ. ಅದರ ದೊಡ್ಡ ಪಾಲುದಾರರು ಯಾರು ಗೊತ್ತಾ? ಕೆನಡಾದ ಎರಡು ಪಿಂಚಣಿ ನಿಧಿಗಳು. ಒಂದು ಆ ದೇಶದ ಬಹುಪಾಲು ದುಡಿಯೋರ ನಿಧಿ, ಇನ್ನೊಂದು ಒಂಟಾರಿಯೊ ಪ್ರಾಂತ್ಯದ ಮೇಷ್ಟ್ರುಗಳ ನಿಧಿ. ಶುರುವಿನಲ್ಲಿ ಒಂದೊಂದಕ್ಕೂ ಶೇ 25 ಪಾಲು.

2025ರ ಮಾರ್ಚಲ್ಲಿ ಇದೇ ಟ್ರಸ್ಟ್ ನಾಲ್ಕನೇ ಸಲ ದುಡ್ಡೆತ್ತಿದಾಗ ಹೊಸ ಪಾಲುದಾರರಾಗಿ ನಮ್ಮ ಇ.ಪಿ.ಎಫ್.ಓ. ಬಂತು, ಸುಮಾರು 2 ಸಾವಿರ ಕೋಟಿ ಹಾಕಿ.

ಇದನ್ನ ಹೇಳಿದಾಗ ಅಕ್ಕ ಹೊಲಿಗೆ ಬಿಟ್ಟು ನನ್ನ ಮುಖ ನೋಡಿದಳು. "ಹಂಗಾರೆ ಬೆಳಗಾವ್ಯಾಗೆ ನಿಮ್ಮ ಭಾವ ಕಟ್ಟೋ ಟೋಲು ನನ್ನ ಪಿ.ಎಫ್.ಗೆ ಬತ್ತೈತಾ? ಹಂಗಿದ್ರೆ ನಮ್ಮ ಗಾಡಿನ ಬಿಟ್ಟಿ ಬಿಡ್ಬೇಕಲ್ಲಾ!"

ನಕ್ವಿ. ಆದ್ರೆ ಅವಳ ಮಾತು ಸುಳ್ಳಲ್ಲ. ಟೋಲ್ ದರ ಪ್ರತಿ ಏಪ್ರಿಲ್ ಒಂದಕ್ಕೆ ಏರೋದು 2008ರ ನಿಯಮದ ಪ್ರಕಾರ: ಕಣ್ಣುಮುಚ್ಚಿ ಶೇ 3, ಅದರ ಮೇಲೆ ಸಗಟು ಬೆಲೆ ಸೂಚ್ಯಂಕ ಏರಿದ್ದರಲ್ಲಿ ಶೇ 40. ಈ ಏರಿಕೆ ಖಾತ್ರಿ ಇರೋದ್ರಿಂದಲೇ ಪಿಂಚಣಿ ನಿಧಿಗಳಿಗೆ ರಸ್ತೆ ಇಷ್ಟ. ಮೂವತ್ತು ವರ್ಷ ಬಿಟ್ಟು ಕೊಡಬೇಕಾದ ಪಿಂಚಣಿಗೆ ಮೂವತ್ತು ವರ್ಷ ತಪ್ಪದೆ ಬರೋ ಆದಾಯ ಬೇಕು. ಮಾರೋ ಸರ್ಕಾರಕ್ಕೂ ಅವರೇ ಇಷ್ಟ: ದುಡ್ಡು ದೊಡ್ಡದು, ಹೆಸರು ಒಳ್ಳೇದು, ಮೇಷ್ಟ್ರ ಪಿಂಚಣಿ ಅಂದ್ರೆ ಬೈಯೋಕೂ ಬಾಯಿ ಬರಲ್ಲ. ಟೋಲ್ ಏರಿದಷ್ಟೂ ಅಕ್ಕನ ನಿಧಿಗೆ ಒಳ್ಳೇದು, ಅದೇ ಏರಿಕೆಯನ್ನ ಲಾರಿ ಮಾಲೀಕ ಭಾವನ ಬಾಟಾದಲ್ಲಿ ಹಿಡೀತಾನೆ. 'ಶಕ್ತಿ' ಬಂದ ಮೇಲೆ ಅಕ್ಕನಿಗೆ ಶಿರಾ ಬಸ್ಸಲ್ಲಿ ಟಿಕೆಟ್ ಸೊನ್ನೆ, ಆದ್ರೆ ಬಸ್ಸಿಗೆ ಟೋಲ್ ಸೊನ್ನೆಯಲ್ಲ. ಗಂಡಸರು ನಾವು ಅದನ್ನ ಟಿಕೆಟ್ಟಿನ ಜೊತೆಗೇ ಕೊಡ್ತೀವಿ.

ಹೆದ್ದಾರಿಯ ಒಂದು ಟೋಲಿನಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಚೀಟಿ ಹರೀತಿದ್ದ. 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯ ಆದ ಮೇಲೆ ಗುತ್ತಿಗೆದಾರ ಬೇಡ ಅಂದ. ಅವನ ಪಿ.ಎಫ್. ಕ್ಲೈಮೂ ನಾನೇ ಹಾಕಿದ್ದು.

ಕೆನಡಾದ ಮೇಷ್ಟ್ರುಗಳ ವಿಷಯದಲ್ಲಿ ನನಗೆ ಹೊಟ್ಟೆಕಿಚ್ಚು ಬಂದಿದ್ದು ಲಾಭದ ಬಗ್ಗೆ ಅಲ್ಲ. 1990ರಲ್ಲಿ ಶುರುವಾದ ಅವರ ನಿಧಿಯ ಮಂಡಳಿಗೆ ಸರ್ಕಾರ ಐದು ಜನರನ್ನ ನೇಮಿಸಿದ್ರೆ ಶಿಕ್ಷಕರ ಒಕ್ಕೂಟವೂ ಐದು ಜನರನ್ನ ನೇಮಿಸುತ್ತೆ, ಅಧ್ಯಕ್ಷರನ್ನ ಇಬ್ಬರೂ ಸೇರಿ ಆರಿಸ್ತಾರೆ. ಸರಿಸಮ. ಎಲ್ಲೆಲ್ಲಿ ದುಡ್ಡಿದೆ ಅನ್ನೋದನ್ನ ವರದಿಯಲ್ಲಿ ಹೆಸರು ಹಿಡಿದು ಹೇಳ್ತಾರೆ. ಬೆಳಗಾವಿ ರಸ್ತೆಯಲ್ಲಿ ತನ್ನ ಪಾಲಿದೆ ಅಂತ ಟೊರಾಂಟೊದ ಟೀಚರಮ್ಮ ಬಯಸಿದ್ರೆ ತಿಳ್ಕೋಬಹುದು. ಪೀಣ್ಯದ ಅಕ್ಕನ ಪಾಸ್‌ಬುಕ್ಕಲ್ಲಿ ಅದಕ್ಕೊಂದು ಸಾಲೂ ಇಲ್ಲ. ಒಂದು ಸಾಫ್ಟ್‌ವೇರ್ ಟೀಮಿಗೆ ಇದು ಕೆಲವು ವಾರದ ಕೆಲಸ ಕಣ್ರೀ. ತಿಂಗಳ ಕಂತಿನ ಪಕ್ಕ ಇಷ್ಟು ಸಾಲಪತ್ರಕ್ಕೆ, ಇಷ್ಟು ರಸ್ತೆಗೆ, ಇಷ್ಟು ಷೇರಿಗೆ ಅಂತ ತೋರಿಸೋದು ಕಷ್ಟವೇನಲ್ಲ.

ಹಾಗಂತ ಪಿಂಚಣಿ ನಿಧಿ ಕೈಹಾಕಿದ್ದೆಲ್ಲ ಚಿನ್ನ ಅಲ್ಲ. ಇಂಗ್ಲೆಂಡಲ್ಲಿ 1989ರಲ್ಲೇ ನೀರು ಸರಬರಾಜನ್ನ ಖಾಸಗಿಗೆ ಮಾರಿದ್ರು. ಲಂಡನ್ನಿಗೆ ನೀರು ಕೊಡೋ ಥೇಮ್ಸ್ ವಾಟರ್ ಕೈಯಿಂದ ಕೈಗೆ ಹೋಗಿ, ಕೊನೆಗೆ ಅದರ ಅತಿ ದೊಡ್ಡ ಪಾಲುದಾರ ಆಗಿದ್ದು ಒಂಟಾರಿಯೊದ ಪೌರ ನೌಕರರ ಪಿಂಚಣಿ ನಿಧಿ. ಅಲ್ಲಿನ ವಿಶ್ವವಿದ್ಯಾಲಯಗಳ ಅಧ್ಯಾಪಕರ ನಿಧಿಯೂ ದೊಡ್ಡ ಪಾಲು ಇಟ್ಕೊಂಡಿತ್ತು. ಕಂಪನಿ ಸಾಲದಲ್ಲಿ ಮುಳುಗಿತು, ಕೊಳಚೆ ನದಿಗೆ ಹರೀತು. 2024ರಲ್ಲಿ ಕೆನಡಾದ ನಿಧಿ ತನ್ನ ಪಾಲಿನ ಬೆಲೆ ಸೊನ್ನೆ ಅಂತ ಬರೆದುಕೊಂಡಿತು. ಲಂಡನ್ನಿನ ಒಬ್ಬ ಲೆಕ್ಚರರ್ ನೀರಿನ ಬಿಲ್ಲೂ ಜಾಸ್ತಿ ಕಟ್ಟಿ, ಪಿಂಚಣಿ ನಿಧಿಯ ದುಡ್ಡೂ ಕಳ್ಕೊಂಡ ಹಾಗಾಯ್ತು. ನಮ್ಮಲ್ಲೂ 2018ರಲ್ಲಿ ಐ.ಎಲ್. ಅಂಡ್ ಎಫ್.ಎಸ್. ಮುಳುಗಿದಾಗ ಅದರ ಬಾಂಡು ಹಿಡ್ಕೊಂಡಿದ್ದವರಲ್ಲಿ ಎಷ್ಟೋ ಕಂಪನಿಗಳ ಪಿ.ಎಫ್. ಟ್ರಸ್ಟುಗಳಿದ್ದವು. ರಸ್ತೆ ಕಟ್ಟೋ ಸಂಸ್ಥೆ, ಮೇಲೆ ತ್ರಿಬಲ್ 'ಎ' ರೇಟಿಂಗು. ಯಾರಿಗೂ ಅನುಮಾನ ಬಂದಿರಲಿಲ್ಲ.

ದೊಡ್ಡಪ್ಪ ಇಷ್ಟೊತ್ತೂ ಎಲೆಅಡಿಕೆ ಹಾಕ್ಕೊಂಡು ಸುಮ್ಮನೆ ಕೇಳ್ತಿದ್ರು. ಅವರು ಲೈನ್‌ಮನ್ ಆಗಿ ರಿಟೈರ್ ಆದೋರು, ಕೆ.ಇ.ಬಿ. ಕಾಲದವರು. "ನೋಡಪ್ಪ, ನಮ್ಮನ್ನ ಕಂಪ್ನಿ ಮಾಡುವಾಗ ಪೆನ್ಷನ್ ತೋರ್ಸೇ ಬಾಯಿ ಮುಚ್ಸಿದ್ದು" ಅಂದ್ರು.

1999ರಲ್ಲಿ ವಿದ್ಯುತ್ ಮಂಡಳಿ ಕೆ.ಪಿ.ಟಿ.ಸಿ.ಎಲ್. ಆಯ್ತು, 2002ರಲ್ಲಿ ಅದರಿಂದ ಬೆಸ್ಕಾಂ ಮುಂತಾದ ಕಂಪನಿಗಳು ಒಡೆದವು. ಮುಂದೆ ಖಾಸಗಿ ಮಾಡ್ತಾರೆ ಅನ್ನೋ ಭಯ ನೌಕರರಿಗೆ. ನಿಮ್ಮ ಪಿಂಚಣಿಗೆ ಕುಂದಿಲ್ಲ, ಅದಕ್ಕೇ ಬೇರೆ ಟ್ರಸ್ಟ್ ಮಾಡ್ತೀವಿ ಅನ್ನೋ ಖಾತ್ರಿ ಸಿಕ್ಕ ಮೇಲೆ ಅವರು ಒಪ್ಪಿದ್ದು. ಈ ಕಂಪನಿಗಳು ಇವತ್ತಿಗೂ ಸರ್ಕಾರದ ಕೈಯಲ್ಲೇ ಇವೆ. ದೊಡ್ಡಪ್ಪನಿಗೆ ಪಿಂಚಣಿಯೂ ಬರ್ತಿದೆ. ಆದ್ರೆ ಆ ಟ್ರಸ್ಟಿಗೆ ಸರ್ಕಾರ ಹಾಕಬೇಕಾದ ಪಾಲನ್ನ ಗ್ರಾಹಕರಿಂದಲೇ ವಸೂಲಿ ಮಾಡಿ ಅಂತ ವಿದ್ಯುತ್ ನಿಯಂತ್ರಣ ಆಯೋಗ 2025ರಲ್ಲಿ ಆದೇಶ ಮಾಡಿತು. ಆ ಏಪ್ರಿಲ್‌ನಿಂದ ಯೂನಿಟ್ಟಿಗೆ 36 ಪೈಸೆ. ಗೃಹಜ್ಯೋತಿ ಇರೋದ್ರಿಂದ ನಮ್ಮ ಮನೆಗೆ ಅದರ ಬಿಸಿ ತಟ್ಟಲ್ಲ. ಹಿಟ್ಟಿನ ಮಿಲ್ಲಿನವರ ಬಿಲ್ಲಲ್ಲಿ ತಟ್ಟುತ್ತೆ. "ನನ್ನ ಪೆನ್ಷನ್ ರಾಗಿ ಬೀಸೋರ ತಲೆ ಮ್ಯಾಲೆ ಬಂತಲ್ಲೋ" ಅಂತ ದೊಡ್ಡಪ್ಪ ಮುಖ ಸಣ್ಣ ಮಾಡ್ಕೊಂಡ್ರು. ಆ ಮಾತು ನನಗೆ ಇನ್ನೂ ಕಿವಿಯಲ್ಲಿದೆ. ಮಾತು ಕೊಟ್ಟಿದ್ದು ಸರ್ಕಾರ, ದುಡ್ಡು ಕೊಡೋದು ಮಿಲ್ಲಿಗೆ ಬರೋರು.

ಕೇಳಿದ್ರೆ ಏನಾಗುತ್ತೆ ಅಂತ ತೋರಿಸಿದ್ದು ಅಕ್ಕನಂಥವರೇ. 2016ರ ಫೆಬ್ರವರಿಯಲ್ಲಿ ಪಿ.ಎಫ್. ನಿಯಮ ತಿದ್ದಿ, ಕಂಪನಿ ಹಾಕಿದ ಪಾಲನ್ನ 58 ವರ್ಷ ಆಗೋವರೆಗೆ ತೆಗೆಯೋ ಹಾಗಿಲ್ಲ ಅಂದ್ರು. ಗಾರ್ಮೆಂಟ್ಸ್ ಹೆಂಗಸರಿಗೆ ಪಿ.ಎಫ್. ಅಂದ್ರೆ ಮುಪ್ಪಿನ ದುಡ್ಡಲ್ಲ. ಕೆಲಸ ಬಿಟ್ಟು, ಎರಡು ತಿಂಗಳು ಕಾದು, ದುಡ್ಡು ತಗೊಂಡು, ಸಾಲವೋ ಮದುವೆಯೋ ಮುಗಿಸಿ ಇನ್ನೊಂದು ಫ್ಯಾಕ್ಟರಿಗೆ ಸೇರೋದು ಆಗ ಅವರ ಪದ್ಧತಿಯಾಗಿತ್ತು. ಏಪ್ರಿಲ್ 18, 19ರಂದು ಯಾವ ದೊಡ್ಡ ಸಂಘಟನೆಯೂ ಕರೆ ಕೊಡದೆ ಸಾವಿರಾರು ಹೆಂಗಸರು ಬೀದಿಗೆ ಬಂದ್ರು. ಹೊಸೂರು ರಸ್ತೆ, ತುಮಕೂರು ರಸ್ತೆ ಎಲ್ಲಾ ಬಂದ್. ಬಸ್ಸು ಸುಟ್ಟವು, ಲಾಠಿ ಬೀಸಿದ್ರು. 19ರ ಸಂಜೆಯೊಳಗೆ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು.

ಅಕ್ಕ ಆವತ್ತು ಜಾಲಹಳ್ಳಿ ಕ್ರಾಸಲ್ಲಿ ಇದ್ದಳು. ಸಂಜೆ ನನಗೆ ಫೋನ್ ಮಾಡಿ ಕಾಲಿಗೆ ಪೆಟ್ಟಾಗಿದೆ ಅಂದಿದ್ದಳು, ಹೇಗಾಯ್ತು ಅಂತ ಹೇಳಿರಲಿಲ್ಲ. ನಾನಾಗ ಆರನೇ ಸೆಮಿಸ್ಟರ್. ಆ ಮಳೆಗಾಲದಲ್ಲಿ ನನ್ನ ಕೊನೇ ವರ್ಷದ ಫೀಸು ಕಟ್ಟಿದ್ದು ಅವಳ ಪಿ.ಎಫ್. ತೆಗೆದೇ. ದುಡ್ಡು ಯಾವಾಗ ವಾಪಸ್ ಕೊಡ್ತೀರಿ ಅಂತ ಆವತ್ತು ಅವರು ಕೇಳಿದ್ರು. ಎಲ್ಲಿ ಇಟ್ಟಿದ್ದೀರಿ ಅಂತ ಕೇಳಬೇಕಾಗಿದ್ದು ಓದಿದ ನನ್ನಂಥವರು, ಕೇಳಿರಲಿಲ್ಲ.

ಭಾನುವಾರ ಮಧ್ಯಾಹ್ನ ಅವಳ ಅಡ್ವಾನ್ಸ್ ಅರ್ಜಿ ಹಾಕಿ, ಸಂಜೆ ಬಸ್ಸಿಗೆ ಇಬ್ಬರೂ ಹೊರಟ್ವಿ. ಕರ್ಜೀವನಹಳ್ಳಿ ಟೋಲಿನಲ್ಲಿ ಬಸ್ಸು ನಿಂತಾಗ ಅವಳು ಮೊಬೈಲ್ ನನ್ನ ಕೈಗಿಟ್ಟು ಸ್ಟೇಟಸ್ ನೋಡು ಅಂದಳು. 'ಅಂಡರ್ ಪ್ರೋಸೆಸ್' ಅಂತ ಬರ್ತಿತ್ತು.

"ಹಂಗಂದ್ರೆ?"

"ಇನ್ನೂ ಬಂದಿಲ್ಲ ಅಕ್ಕಾ, ದಾರಿಯಲ್ಲಿದೆ."

ಅವಳು ಕಿಟಕಿಯಾಚೆ ಸಾಲುಗಟ್ಟಿದ್ದ ಲಾರಿಗಳನ್ನ ನೋಡಿ ಕೇಳಿದಳು: "ಯಾವ್ ದಾರೀಲ್ಲಾ? ಇದ್ರಾಗಾ, ಬೆಳಗಾವಿದ್ರಾಗಾ?"